ಚಾಳೀಸಿಗೆ ಶಸ್ತ್ರಚಿಕಿತ್ಸೆ: ಪ್ಲಸ್ ನಂಬರಿನವರು ಕೇಳಬೇಕಾದ ಲೆಕ್ಕ

ನಲವತ್ತರ ಆಸುಪಾಸಿನಲ್ಲಿ ಹತ್ತಿರದ ಅಕ್ಷರಗಳು ಮಸುಕಾಗುವುದನ್ನು ನಮ್ಮ ಹಿರಿಯರು ‘ಚಾಳೀಸು’ ಎಂದು ಕರೆದರು. ಮರಾಠಿ, ಹಿಂದಿಗಳಲ್ಲಿ ನಲವತ್ತನ್ನು ಸೂಚಿಸುವ ಪದವೇ ನಮ್ಮಲ್ಲಿ ದೋಷದ ಹೆಸರೂ ಆಯಿತು, ಅದಕ್ಕೆ ಹಾಕುವ ಕನ್ನಡಕದ ಹೆಸರೂ ಆಯಿತು. ತಲೆ ನರೆಯುವಂತೆ, ಮೊಣಕಾಲು ನೋಯುವಂತೆ ಇದೂ ಒಂದು ಎಂಬ ಒಪ್ಪಿಗೆ ಆ ಹೆಸರಿನಲ್ಲೇ ಇತ್ತು. ಕಳೆದ ಎರಡು ದಶಕಗಳಲ್ಲಿ ಆ ಒಪ್ಪಿಗೆ ಸಡಿಲಗೊಂಡಿದೆ. ಮಹಾನಗರದ ದೊಡ್ಡ ರಸ್ತೆಗಳ ಜಾಹೀರಾತು ಫಲಕಗಳು ಕನ್ನಡಕಕ್ಕೆ ವಿದಾಯ ಹೇಳಲು ನಮ್ಮನ್ನು ಆಹ್ವಾನಿಸುತ್ತಿವೆ. ಆಹ್ವಾನದಲ್ಲಿ ತಪ್ಪೇನೂ ಇಲ್ಲ. ಕನ್ನಡಕವಿಲ್ಲದೆ ಓದಬೇಕೆಂಬ ಆಸೆ ಕ್ಷುಲ್ಲಕವೂ ಅಲ್ಲ. ಆದರೆ ಯಾವ ಕಣ್ಣಿಗೆ ಯಾವ ಚಿಕಿತ್ಸೆ, ಅದರಿಂದ ಪಡೆಯುವುದೇನು, ಬಿಟ್ಟುಕೊಡುವುದೇನು ಎಂಬ ಲೆಕ್ಕವನ್ನು ಯಾರೂ ಪೂರ್ತಿಯಾಗಿ ಒಪ್ಪಿಸುತ್ತಿಲ್ಲ. ಎಳೆಯ ವಯಸ್ಸಿನಿಂದ ಪ್ಲಸ್ ನಂಬರಿನ ಕನ್ನಡಕ ಧರಿಸಿದವರ ವಿಷಯದಲ್ಲಂತೂ ಈ ಮೌನ ದುಬಾರಿಯಾಗಬಲ್ಲದು. ನಾನೂ ಆ ಗುಂಪಿಗೆ ಸೇರಿದವನಾದ್ದರಿಂದ ಎರಡು ವರ್ಷ ಈ ವಿಷಯದ ಬೆನ್ನು ಹತ್ತಬೇಕಾಯಿತು.

ಮೊದಲು ಕಣ್ಣಿನ ಸ್ಥಿತಿಯನ್ನು ಅರಿಯಬೇಕು. ‘ದೂರದೃಷ್ಟಿ’ ಎಂಬ ಪದ ಆಡಳಿತದಲ್ಲಿ ಹೊಗಳಿಕೆ, ಕಣ್ಣಾಸ್ಪತ್ರೆಯಲ್ಲಿ ದೋಷ. ಸಾಮಾನ್ಯವಾಗಿ ವಯಸ್ಕರ ಕಣ್ಣುಗುಡ್ಡೆಯ ಉದ್ದ ಸುಮಾರು 23.5 ಮಿಲಿಮೀಟರ್. ಅದು ಒಂದು ಮಿಲಿಮೀಟರ್ ಗಿಡ್ಡವಾದರೂ ಸುಮಾರು 3 ಡಯಾಪ್ಟರ್‌ನಷ್ಟು ಪ್ಲಸ್ ನಂಬರ್ ಬರುತ್ತದೆ. ಬಿಂಬ ಅಕ್ಷಿಪಟಲದ ಮೇಲೆ ಬೀಳುವ ಬದಲು ಅದರ ಹಿಂದೆ ಬೀಳುವಂತಾಗುತ್ತದೆ. ಎಳೆಯ ವಯಸ್ಸಿನಲ್ಲಿ ಇದು ಗೊತ್ತಾಗುವುದೇ ಇಲ್ಲ. ಕಣ್ಣಿನೊಳಗಿನ ಮಸೂರ ಮೆದುವಾಗಿದ್ದು, ಉಬ್ಬಿಕೊಂಡು ಕೊರತೆಯನ್ನು ತುಂಬಿಕೊಡುತ್ತದೆ. ಹೀಗೆ ಉಬ್ಬುವ ಶಕ್ತಿ ಹತ್ತನೇ ವಯಸ್ಸಿನಲ್ಲಿ ಸುಮಾರು 14 ಡಯಾಪ್ಟರ್ ಇದ್ದರೆ, ನಲವತ್ತರಲ್ಲಿ ಐದಾರಕ್ಕೆ, ಅರವತ್ತರಲ್ಲಿ ಒಂದರ ಆಸುಪಾಸಿಗೆ ಇಳಿಯುತ್ತದೆ. ಡಚ್ ವೈದ್ಯ ಡಾಂಡರ್ಸ್ 1864ರಲ್ಲಿ ಪ್ರಕಟಿಸಿದ ಗ್ರಂಥದಲ್ಲೇ ಪ್ಲಸ್ ನಂಬರಿನ ದೋಷ ಬೇರೆ, ಚಾಳೀಸು ಬೇರೆ ಎಂದು ಸ್ಪಷ್ಟಪಡಿಸಿದ್ದರು. ಎರಡನ್ನೂ ಒಂದೇ ಎಂದು ತಿಳಿಯುವವರು ಇಂದಿಗೂ ಇದ್ದಾರೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇದು ಮೀಸಲು ನಿಧಿಯಂತೆ ಕಾಣುತ್ತದೆ. ಸಹಜ ಕಣ್ಣಿನವನು ದೂರ ನೋಡಲು ಆ ನಿಧಿಯಿಂದ ಏನನ್ನೂ ಖರ್ಚು ಮಾಡಬೇಕಿಲ್ಲ. ಒಂದೂಕಾಲು ಅಡಿ ದೂರದ ಪುಸ್ತಕ ಓದಲು ಎರಡೂವರೆ ಡಯಾಪ್ಟರ್ ತೆಗೆದರೆ ಸಾಕು. ಪ್ಲಸ್ ಎರಡರ ಕಣ್ಣಿನವನು ಕನ್ನಡಕವಿಲ್ಲದಿದ್ದರೆ ದೂರದ ಬಸ್ಸಿನ ಫಲಕ ಓದಲೇ ಎರಡು ಖರ್ಚು ಮಾಡಿರುತ್ತಾನೆ, ಪುಸ್ತಕಕ್ಕೆ ಇನ್ನೂ ಎರಡೂವರೆ ಬೇಕು. ನಿಧಿಯ ಅರ್ಧವನ್ನಷ್ಟೇ ಆಯಾಸವಿಲ್ಲದೆ ಬಳಸಬಹುದು ಎನ್ನುವುದು ವೈದ್ಯರ ಲೆಕ್ಕ. ಹೀಗಾಗಿಯೇ ನಮ್ಮಂಥವರಿಗೆ ಚಾಳೀಸು ಮೂವತ್ತೈದಕ್ಕೇ ಬಂದು ಕೂರುತ್ತದೆ, ಐವತ್ತರ ಹೊತ್ತಿಗೆ ದೂರದ ನೋಟವೂ ಕೈಕೊಡುತ್ತದೆ. ಮೈನಸ್ ನಂಬರಿನವರು ಕನ್ನಡಕ ತೆಗೆದು ಪುಸ್ತಕವನ್ನು ಮುಖದ ಹತ್ತಿರ ಹಿಡಿದಾದರೂ ಓದಿಯಾರು. ನಮಗೆ ಆ ಅನುಕೂಲವಿಲ್ಲ. ಕನ್ನಡಕ ತೆಗೆದರೆ ಹತ್ತಿರವೂ ಇಲ್ಲ, ದೂರವೂ ಇಲ್ಲ. ‘ವಿದಾಯ’ದ ಜಾಹೀರಾತು ಎಲ್ಲರಿಗಿಂತ ಹೆಚ್ಚಾಗಿ ನಮ್ಮನ್ನು ಸೆಳೆಯುವುದು ಈ ಕಾರಣಕ್ಕೆ.

ಶಸ್ತ್ರಚಿಕಿತ್ಸೆಯ ದಾರಿಗಳು ಸ್ಥೂಲವಾಗಿ ಎರಡು. ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾವನ್ನು ಮರುರೂಪಿಸುವುದು ಒಂದು. ಒಳಗಿನ ಮಸೂರವನ್ನೇ ತೆಗೆದು ಕೃತಕ ಮಸೂರ ಇಡುವುದು ಇನ್ನೊಂದು.

ಕಾರ್ನಿಯಾದ ದಾರಿಯ ಇತಿಹಾಸ ಉತ್ಸಾಹ ಮತ್ತು ಹಿಮ್ಮೆಟ್ಟುವಿಕೆಗಳ ಇತಿಹಾಸ. ಮೈನಸ್ ನಂಬರಿನ ಕಣ್ಣಿಗೆ ಲೇಸರ್ ಚಿಕಿತ್ಸೆ ಚೆನ್ನಾಗಿ ಒಗ್ಗಿತು. ಅಲ್ಲಿ ಕಾರ್ನಿಯಾದ ನಡುಭಾಗವನ್ನು ಸ್ವಲ್ಪ ಚಪ್ಪಟೆ ಮಾಡಿದರೆ ಸಾಕು. ಪ್ಲಸ್ ನಂಬರಿಗೆ ನಡುಭಾಗ ಉಬ್ಬಬೇಕು. ಲೇಸರ್ ಕೆತ್ತಬಲ್ಲದೇ ಹೊರತು ಸೇರಿಸಲಾರದು. ಆದ್ದರಿಂದ ಸುತ್ತಲೂ ಉಂಗುರದಂತೆ ಕೆತ್ತಿ ನಡುವನ್ನು ಎತ್ತರ ಮಾಡಬೇಕಾಗುತ್ತದೆ. ಕಾರ್ನಿಯಾ ಕೆಲವು ವರ್ಷಗಳಲ್ಲಿ ಆ ಕೆತ್ತನೆಯನ್ನು ಭಾಗಶಃ ತುಂಬಿಕೊಳ್ಳುತ್ತದೆ, ನಂಬರ್ ಒಂದಷ್ಟು ಮರಳುತ್ತದೆ. ಕಣ್ಣು ಒಣಗುವ ಕಿರಿಕಿರಿ ಸಾಮಾನ್ಯ. ಮೂರು ನಾಲ್ಕು ಡಯಾಪ್ಟರ್ ಮೀರಿದ ಪ್ಲಸ್ ನಂಬರಿಗೆ ಲ್ಯಾಸಿಕ್ ಮಾಡಲು ಬಹುತೇಕ ವೈದ್ಯರು ಹಿಂಜರಿಯುತ್ತಾರೆ. ಹಿಂಜರಿಯುವ ವೈದ್ಯರೇ ನಂಬಿಕೆಗೆ ಅರ್ಹರು ಎಂದು ನನ್ನ ಅಭಿಪ್ರಾಯ.

ಇದಕ್ಕಿಂತ ಹೆಚ್ಚು ಪಾಠ ಕಲಿಸುವುದು ಈ ಕ್ಷೇತ್ರದಲ್ಲಿ ಬಂದು ಹೋದ ಉಪಕರಣಗಳ ಕಥೆ. ರೇಡಿಯೊ ತರಂಗಗಳ ಬಿಸಿಯಿಂದ ಕಾರ್ನಿಯಾದ ಅಂಚನ್ನು ಕುಗ್ಗಿಸಿ ನಡುವನ್ನು ಉಬ್ಬಿಸುವ ವಿಧಾನಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2002ರಲ್ಲಿ ಪ್ಲಸ್ ನಂಬರಿಗಾಗಿ, 2004ರಲ್ಲಿ ಚಾಳೀಸಿಗಾಗಿ ಒಪ್ಪಿಗೆ ಕೊಟ್ಟಿತು. ಹತ್ತು ನಿಮಿಷದ ಕೆಲಸ, ಕತ್ತರಿಯಿಲ್ಲ, ಲೇಸರ್ ಇಲ್ಲ ಎಂದು ಅದನ್ನು ಕೊಂಡಾಡಲಾಯಿತು. ಪರಿಣಾಮ ಮಾತ್ರ ಉಳಿಯಲಿಲ್ಲ. ವಿಧಾನ ಬಹುಮಟ್ಟಿಗೆ ಮೂಲೆಗುಂಪಾಯಿತು. ಆಮೇಲೆ ಬಂದದ್ದು ಕಾರ್ನಿಯಾದೊಳಗೆ ಹುದುಗಿಸುವ ಪುಟ್ಟ ಬಿಲ್ಲೆಗಳು. ಸೂಜಿಮೊನೆಯ ರಂಧ್ರದ ತತ್ವದ ಮೇಲೆ ಕೆಲಸ ಮಾಡುವ ‘ಕಾಮ್ರಾ’ಗೆ 2015ರಲ್ಲಿ, ಮೃದು ಜೆಲ್‌ನಂಥ ‘ರೇನ್‌ಡ್ರಾಪ್’ಗೆ 2016ರಲ್ಲಿ ಅದೇ ಸಂಸ್ಥೆಯ ಒಪ್ಪಿಗೆ ದೊರೆಯಿತು. ರೇನ್‌ಡ್ರಾಪ್ ಹಾಕಿಸಿಕೊಂಡವರಲ್ಲಿ ಬಹುಪಾಲು ಜನರ ಕಾರ್ನಿಯಾ ವರ್ಷಗಳು ಕಳೆದಂತೆ ಮಂಜಾಗತೊಡಗಿದ್ದು ಒಪ್ಪಿಗೆಯ ನಂತರದ ಅಧ್ಯಯನದಲ್ಲಿ ಬೆಳಕಿಗೆ ಬಂತು. 2018ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಲಾಯಿತು, ಇನ್ನು ಯಾರಿಗೂ ಹಾಕಬೇಡಿ ಎಂದು ವೈದ್ಯರಿಗೆ ಎಚ್ಚರಿಕೆ ಹೋಯಿತು. ಒಪ್ಪಿಗೆಗೂ ಎಚ್ಚರಿಕೆಗೂ ನಡುವೆ ಎರಡೇ ವರ್ಷ. ಪ್ರಪಂಚದಲ್ಲೇ ಕಟ್ಟುನಿಟ್ಟೆಂದು ಹೆಸರಾದ ನಿಯಂತ್ರಣ ಸಂಸ್ಥೆಯ ಮುದ್ರೆ ಬಿದ್ದ ಸಾಧನದ ಪಾಡು ಇದು. ‘ಲೇಟೆಸ್ಟ್’ ಎಂಬ ಪದ ಕೇಳಿದೊಡನೆ ಹಿಗ್ಗುವ ನಮ್ಮ ನಗರದ ಮಧ್ಯಮ ವರ್ಗ ಇದನ್ನು ತಿಳಿದಿರಬೇಕು.

ಲೇಸರಿನಿಂದಲೇ ಒಂದು ಕಣ್ಣನ್ನು ದೂರಕ್ಕೆ, ಇನ್ನೊಂದನ್ನು ಹತ್ತಿರಕ್ಕೆ ಹೊಂದಿಸುವ ಪದ್ಧತಿಯೂ ಇದೆ. ಇದು ಬುದ್ಧಿವಂತ ಉಪಾಯ. ಮಿದುಳು ಎರಡರಲ್ಲಿ ಬೇಕಾದುದನ್ನು ಆಯ್ದುಕೊಳ್ಳಲು ಕಲಿಯುತ್ತದೆ. ಎಲ್ಲರ ಮಿದುಳೂ ಕಲಿಯುವುದಿಲ್ಲ. ಆಳದ ಅಂದಾಜು ತಪ್ಪುವುದರಿಂದ ಮೆಟ್ಟಿಲಿಳಿಯುವಾಗ, ವಾಹನ ನಡೆಸುವಾಗ ಕೆಲವರಿಗೆ ಕಷ್ಟ. ಶಸ್ತ್ರಚಿಕಿತ್ಸೆಗೆ ಮೊದಲು ಕಾಂಟ್ಯಾಕ್ಟ್ ಲೆನ್ಸ್ ಹಾಕಿಸಿ ಎರಡು ವಾರ ಬದುಕಿ ನೋಡಿದರೆ ಒಗ್ಗುತ್ತದೋ ಇಲ್ಲವೋ ಎಂಬುದು ಅಲ್ಪ ಖರ್ಚಿನಲ್ಲಿ ಗೊತ್ತಾಗುತ್ತದೆ. ನಾನು ಹೋದ ಮೂರು ಆಸ್ಪತ್ರೆಗಳಲ್ಲಿ ಇದನ್ನು ತಾನಾಗಿ ಸೂಚಿಸಿದ್ದು ಒಂದೇ.

ಇನ್ನು ಎರಡನೆಯ ದಾರಿ. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಹೆರಾಲ್ಡ್ ರಿಡ್ಲಿ 1949ರ ನವೆಂಬರ್‌ನಲ್ಲಿ ಮೊದಲ ಬಾರಿಗೆ ಕಣ್ಣಿನೊಳಗೆ ಕೃತಕ ಮಸೂರ ಇಟ್ಟಾಗ ಸಹೋದ್ಯೋಗಿಗಳೇ ಅವರನ್ನು ಟೀಕಿಸಿದ್ದರು. ಅದು ನಮ್ಮ ಹಳ್ಳಿಗಳಿಗೆ ತಲುಪಲು ದಶಕಗಳೇ ಹಿಡಿದವು. ನಾನು ಸೇವೆಗೆ ಸೇರಿದ ಎಂಬತ್ತರ ದಶಕದಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಡಾ. ಎಂ.ಸಿ. ಮೋದಿಯವರ ನೇತ್ರ ಶಿಬಿರಗಳ ನೆನಪು ಮನೆಮಾತಾಗಿತ್ತು. ಆ ಕಾಲದ ಶಿಬಿರಗಳಲ್ಲಿ ಪೊರೆ ತೆಗೆಸಿಕೊಂಡವರು ಉಳಿದ ಆಯುಷ್ಯವನ್ನೆಲ್ಲ ಸೋಡಾಬುಡ್ಡಿ ಕನ್ನಡಕದಲ್ಲಿ ಕಳೆಯಬೇಕಿತ್ತು. ಕನ್ನಡಕ ಒಡೆದರೆ ಮತ್ತೆ ಕುರುಡು. ಮಧುರೆಯ ಅರವಿಂದ ಕಣ್ಣಾಸ್ಪತ್ರೆಯ ಬಳಗ 1992ರಲ್ಲಿ ಆರೋಲ್ಯಾಬ್ ಎಂಬ ಸಂಸ್ಥೆ ಕಟ್ಟಿ, ಆಮದು ಮಸೂರದ ಬೆಲೆಯ ಸಣ್ಣ ಪಾಲಿಗೆ ಇಲ್ಲೇ ಮಸೂರ ತಯಾರಿಸತೊಡಗಿದ ಮೇಲೆ ಈ ಚಿತ್ರ ಬದಲಾಯಿತು. ಬಡವರ ಪೊರೆಗೆಂದು ಬೆಳೆದ ಆ ಕೌಶಲವೇ ಇಂದು ಪೊರೆಯೇ ಬಾರದ ಸ್ಥಿತಿವಂತರ ಚಾಳೀಸಿಗೂ ಒದಗುತ್ತಿದೆ.

ಮಸೂರ ಬದಲಾವಣೆಯ ಲಾಭ ಸ್ಪಷ್ಟ. ನಂಬರ್ ಮರಳುವುದಿಲ್ಲ, ಮುಂದೆ ಪೊರೆ ಬರುವ ಪ್ರಶ್ನೆಯೂ ಇಲ್ಲ. ಮಸೂರದ ಹಿಂದಿನ ತೆಳುಪದರ ಕೆಲವರಿಗೆ ಮಬ್ಬಾಗಬಹುದು, ಅದನ್ನು ಹೊರರೋಗಿ ವಿಭಾಗದಲ್ಲೇ ಲೇಸರಿನಿಂದ ಸರಿಪಡಿಸುತ್ತಾರೆ. ಅತಿ ಉದ್ದನೆಯ ಮೈನಸ್ ಕಣ್ಣುಗಳಲ್ಲಿ ಈ ಚಿಕಿತ್ಸೆಯ ನಂತರ ಅಕ್ಷಿಪಟಲ ಕಳಚುವ ಅಪಾಯ ಹೆಚ್ಚು. ಗಿಡ್ಡ ಕಣ್ಣಿನಲ್ಲಿ ಅದು ಕಡಿಮೆ. ಇಷ್ಟರ ಮಟ್ಟಿಗೆ ಪ್ಲಸ್ ನಂಬರಿನವರ ಪಾಲಿಗೆ ಲೇಸರಿಗಿಂತ ಇದೇ ಹೆಚ್ಚು ತರ್ಕಬದ್ಧ ದಾರಿ.

ಆದರೆ ಯಾವ ವಯಸ್ಸಿನಲ್ಲಿ, ಯಾವ ಮಸೂರ? ನಲವತ್ತೈದರ ಕಣ್ಣಿನಲ್ಲಿ ಇನ್ನೂ ನಾಲ್ಕು ಡಯಾಪ್ಟರ್‌ನಷ್ಟು ಸಹಜ ಶಕ್ತಿ ಉಳಿದಿರುತ್ತದೆ. ತಿಳಿಯಾದ ಮಸೂರವನ್ನು ತೆಗೆದ ಕ್ಷಣವೇ ಅದು ಶೂನ್ಯವಾಗುತ್ತದೆ. ಸಹಜ ಮಸೂರದಂತೆ ಉಬ್ಬಿ ಕುಗ್ಗುವ ಕೃತಕ ಮಸೂರವನ್ನು ವಿಜ್ಞಾನ ಇನ್ನೂ ಕೊಟ್ಟಿಲ್ಲ. ಅಂಥದ್ದೆಂದು ಹೇಳಿಕೊಂಡ ‘ಕ್ರಿಸ್ಟಲೆನ್ಸ್’ಗೆ 2003ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದರೂ ಅದು ಕಣ್ಣಿನೊಳಗೆ ಸರಿಯುವ ಪ್ರಮಾಣ ನಿರೀಕ್ಷೆಗಿಂತ ಬಹಳ ಕಡಿಮೆ. ಇಂದು ‘ಪ್ರೀಮಿಯಂ’ ಎಂಬ ಹೆಸರಿನಲ್ಲಿ ಮಾರಾಟವಾಗುವ ಬಹುಕೇಂದ್ರ ಮಸೂರಗಳು ಮಾಡುವುದು ಬೇರೆಯದೇ ಕೆಲಸ. ಬರುವ ಬೆಳಕನ್ನು ದೂರಕ್ಕಿಷ್ಟು, ನಡುವಿಗಿಷ್ಟು, ಹತ್ತಿರಕ್ಕಿಷ್ಟು ಎಂದು ಹಂಚಿಬಿಡುತ್ತವೆ. ಇದು ಹಂಚಿಕೆಯೇ ಹೊರತು ಸೃಷ್ಟಿಯಲ್ಲ. ಒಂದು ಪಾಲು ಬೆಳಕು ಯಾವ ಕೇಂದ್ರಕ್ಕೂ ಸೇರದೆ ವ್ಯರ್ಥವಾಗುತ್ತದೆ, ಬಣ್ಣ ಮತ್ತು ನೆರಳುಗಳ ನಡುವಿನ ವ್ಯತ್ಯಾಸ ತುಸು ಮಾಸುತ್ತದೆ, ರಾತ್ರಿ ದೀಪಗಳ ಸುತ್ತ ಬಳೆಗಳು ಕಾಣುತ್ತವೆ. ಬಹಳ ಜನ ಕೆಲವು ತಿಂಗಳಲ್ಲಿ ಹೊಂದಿಕೊಳ್ಳುತ್ತಾರೆ. ಹಗಲು ಮನೆಯಲ್ಲಿ ಓದಿಕೊಂಡಿರುವವರು ಸಂತೋಷವಾಗಿಯೂ ಇದ್ದಾರೆ. ಎದುರಿನ ವಾಹನಗಳೆಲ್ಲ ಹೈ ಬೀಮ್ ಹಾಕಿಕೊಂಡೇ ಬರುವ ನಮ್ಮ ರಸ್ತೆಗಳಲ್ಲಿ, ಮಳೆಗಾಲದ ರಾತ್ರಿ ಸ್ಕೂಟರಿನಲ್ಲಿ ಮನೆಗೆ ಮರಳಬೇಕಾದವರ ಮಾತು ಬೇರೆ. ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲ ಕೆಟ್ಟವರಿಗೆ, ಗ್ಲಾಕೋಮಾ ಇರುವವರಿಗೆ ಇಂಥ ಮಸೂರ ಸಾಮಾನ್ಯವಾಗಿ ಸಲ್ಲದು. ಗಿಡ್ಡ ಕಣ್ಣಿನವರಿಗೆ ಇನ್ನೂ ಒಂದು ತೊಡಕಿದೆ. ಮಸೂರದ ಶಕ್ತಿಯ ಗಣಿತ ಸರಾಸರಿ ಕಣ್ಣಿನಲ್ಲಿ ಹೊಂದುವಷ್ಟು ನಿಖರವಾಗಿ ಇಲ್ಲಿ ಹೊಂದುವುದಿಲ್ಲ. ಅರ್ಧ ಮುಕ್ಕಾಲು ನಂಬರ್ ಉಳಿದುಹೋಗಬಹುದು. ಬಹುಕೇಂದ್ರ ಮಸೂರಕ್ಕಾದರೋ ಅಷ್ಟು ಉಳಿಕೆಯೂ ಸಹ್ಯವಲ್ಲ.

ಕಣ್ಣಿನ ಒಳಗೆ ಕೈಹಾಕುವ ಯಾವ ಚಿಕಿತ್ಸೆಯಲ್ಲೂ ಸೋಂಕಿನ ಅಪಾಯ ಇದ್ದೇ ಇದೆ. ಅದು ಸಾವಿರಕ್ಕೆ ಒಂದರ ಆಸುಪಾಸು ಅಥವಾ ಅದಕ್ಕೂ ಕಡಿಮೆ ಎಂಬುದು ನಿಜ. ಆದರೆ 2019ರ ಜುಲೈಯಲ್ಲಿ ಬೆಂಗಳೂರಿನ ಮಿಂಟೋ ಆಸ್ಪತ್ರೆಯಲ್ಲಿ ಪೊರೆಯ ಶಸ್ತ್ರಚಿಕಿತ್ಸೆಗೆ ಒಳಗಾದ ಹಲವರು ದೃಷ್ಟಿ ಕಳೆದುಕೊಂಡದ್ದನ್ನು ನಾವು ಮರೆತಿಲ್ಲ. ಪೊರೆ ಬಂದು ಕಾಣದಾದವನು ಆ ಅಪಾಯವನ್ನು ಎದುರಿಸುವುದಕ್ಕೂ, ಕನ್ನಡಕ ಹಾಕಿದರೆ ಎಲ್ಲವೂ ಸ್ಪಷ್ಟವಾಗಿ ಕಾಣುವ ನಲವತ್ತೈದರವನು ಎದುರಿಸುವುದಕ್ಕೂ ವ್ಯತ್ಯಾಸವಿದೆ.

ಇಷ್ಟೆಲ್ಲ ಹೇಳಿದ ಮೇಲೂ ನಾನು ಮಸೂರ ಬದಲಿಸಿಕೊಂಡೆ. ಕಾರಣ ಕನ್ನಡಕವಲ್ಲ. ಮೊದಲ ಎರಡು ಆಸ್ಪತ್ರೆಗಳಲ್ಲಿ ಚರ್ಚೆ ಪೂರ್ತಿ ಕನ್ನಡಕದ ಸುತ್ತಲೇ ನಡೆಯಿತು. ಒಂದು ಕಡೆ ಲೇಸರ್ ಯಂತ್ರವಿತ್ತು, ಅಲ್ಲಿ ಲೇಸರ್ ಸೂಕ್ತವೆಂದರು. ಇನ್ನೊಂದು ಕಡೆ ವೈದ್ಯರನ್ನು ಕಾಣುವ ಮೊದಲೇ ಕೌನ್ಸೆಲರ್ ಎಂಬ ಹುದ್ದೆಯ ಯುವತಿ, ‘ಸರ್, ಪಾಲಿಸಿ ಇದೆಯಾ?’ ಎಂದು ಕೇಳಿ, ಒಂದು ಕಣ್ಣಿಗೆ 35 ಸಾವಿರದಿಂದ ಒಂದೂಕಾಲು ಲಕ್ಷದವರೆಗಿನ ಮಸೂರಗಳ ಪಟ್ಟಿಯನ್ನು ಮುಂದಿಟ್ಟರು. ಹೋಟೆಲಿನ ತಿಂಡಿಪಟ್ಟಿಯಲ್ಲಿ ಇದಕ್ಕಿಂತ ಹೆಚ್ಚು ವಿವರ ಇರುತ್ತದೆ. ಮೂರನೆಯ ಕಡೆ, ಹಳೆಯ ಬಡಾವಣೆಯೊಂದರ ಸಣ್ಣ ಚಿಕಿತ್ಸಾಲಯದಲ್ಲಿ, ಹಿರಿಯ ವೈದ್ಯೆ ಯಾವ ಪಟ್ಟಿಯನ್ನೂ ತೋರಿಸದೆ ಕಣ್ಣಿಗೆ ಪುಟ್ಟ ಕನ್ನಡಿಯ ಸಾಧನವೊಂದನ್ನು ತಾಗಿಸಿ ಒಳಗಿನ ಕೋನವನ್ನು ಪರೀಕ್ಷಿಸಿದರು.

ಈ ಕೋನದ ವಿಷಯವನ್ನು ಪ್ಲಸ್ ನಂಬರಿನ ಪ್ರತಿಯೊಬ್ಬರೂ ತಿಳಿದಿರಬೇಕು. ಕಣ್ಣಿನೊಳಗಿನ ದ್ರವ ಹೊರಗೆ ಹರಿದುಹೋಗುವುದು ಕಾರ್ನಿಯಾ ಮತ್ತು ಕಣ್ಣಿನ ಬಣ್ಣದ ಪಟಲ ಕೂಡುವ ಮೂಲೆಯಲ್ಲಿ. ಗಿಡ್ಡ ಕಣ್ಣಿನಲ್ಲಿ ಜಾಗ ಮೊದಲೇ ಇಕ್ಕಟ್ಟು. ಮಸೂರವಾದರೋ ಜೀವಮಾನವಿಡೀ ದಪ್ಪವಾಗುತ್ತ ಹೋಗುತ್ತದೆ, ಪಟಲವನ್ನು ಮುಂದಕ್ಕೆ ತಳ್ಳಿ ಆ ಮೂಲೆಯನ್ನು ಮುಚ್ಚತೊಡಗುತ್ತದೆ. ಒತ್ತಡ ಏರಿ ದೃಷ್ಟಿನರ ಸದ್ದಿಲ್ಲದೆ ಸಾಯಬಹುದು; ಕೆಲವೊಮ್ಮೆ ಒಂದೇ ರಾತ್ರಿ ವಿಪರೀತ ನೋವು, ವಾಂತಿಯೊಂದಿಗೆ ಕಣ್ಣೇ ಹೋಗಬಹುದು. ಏಷ್ಯಾದವರಲ್ಲಿ ಈ ಬಗೆಯ ಗ್ಲಾಕೋಮಾ ಹೆಚ್ಚು. ಐವತ್ತು ದಾಟಿದ, ಪೊರೆಯಿಲ್ಲದ, ಆದರೆ ಕೋನ ಮುಚ್ಚಿ ಒತ್ತಡ ತೀರಾ ಏರಿದ ಅಥವಾ ಆಗಲೇ ಗ್ಲಾಕೋಮಾ ಬಂದಿದ್ದ 419 ಜನರ ಮೇಲೆ ನಡೆದ ‘ಈಗಲ್’ ಎಂಬ ಅಧ್ಯಯನ 2016ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಲೇಸರಿನಿಂದ ರಂಧ್ರ ಕೊರೆಯುವ ರೂಢಿಯ ಚಿಕಿತ್ಸೆಗಿಂತ ತಿಳಿ ಮಸೂರವನ್ನೇ ತೆಗೆಯುವುದು ಒತ್ತಡ ಇಳಿಸುವುದರಲ್ಲೂ, ಬದುಕಿನ ಗುಣಮಟ್ಟದಲ್ಲೂ, ವೆಚ್ಚದ ದೃಷ್ಟಿಯಿಂದಲೂ ಮೇಲು ಎಂದು ಅದು ತೋರಿಸಿತು. ಇದರರ್ಥ ಕೋನ ಕಿರಿದಾದವರೆಲ್ಲ ಓಡಿಹೋಗಿ ಚಿಕಿತ್ಸೆ ಮಾಡಿಸಿಕೊಳ್ಳಬೇಕೆಂದಲ್ಲ. ಚೀನಾದ ಗುವಾಂಗ್‌ಝೌನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ಕೋನ ಕಿರಿದಾಗಿದ್ದರೂ ಬೇರೆ ತೊಂದರೆಯಿಲ್ಲದವರಿಗೆ ಮುಂಜಾಗ್ರತೆಯ ಲೇಸರಿನಿಂದ ಆಗುವ ಲಾಭ ಅಲ್ಪ ಎಂದೇ ಹೇಳಿತು. ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ಪರೀಕ್ಷೆಯೇ ಹೇಳಬೇಕು. ಆ ಪರೀಕ್ಷೆಗೆ ಐದು ನಿಮಿಷ ಸಾಕು. ನನ್ನ ಕೋನ ಎರಡೂ ಕಣ್ಣುಗಳಲ್ಲಿ ಬಹುಮಟ್ಟಿಗೆ ಮುಚ್ಚಿತ್ತು, ಒತ್ತಡವೂ ಏರಿತ್ತು. ಏಕಕೇಂದ್ರದ ಸಾಧಾರಣ ಮಸೂರವನ್ನೇ ಹಾಕಿಸಿಕೊಂಡೆ. ಬಲಗಣ್ಣು ದೂರಕ್ಕೆ, ಎಡಗಣ್ಣು ಒಂದೂಕಾಲು ನಂಬರಿನಷ್ಟು ಹತ್ತಿರಕ್ಕೆ. ಪತ್ರಿಕೆಯ ಶೀರ್ಷಿಕೆಗಳನ್ನೂ ಹಗಲಿನಲ್ಲಿ ಸುದ್ದಿಯನ್ನೂ ಓದುತ್ತೇನೆ. ಔಷಧದ ಚೀಟಿಗೆ, ರಾತ್ರಿಯ ಓದಿಗೆ ಕನ್ನಡಕ ಬೇಕು.

ಈಗ ಇಲಾಖೆಯ ಕಡತಗಳ ನಡುವೆ ಬದುಕಿದವನಾಗಿ ಒಂದೆರಡು ಮಾತು. ವೈದ್ಯಕೀಯ ಸೇವೆಯ ಮಾರುಕಟ್ಟೆ ಇತರ ಮಾರುಕಟ್ಟೆಗಳಂತಲ್ಲ ಎಂದು ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಲ್ಲೇ ಬರೆದರು. ಕೊಳ್ಳುವವನಿಗೆ ತಾನು ಏನು ಕೊಳ್ಳುತ್ತಿದ್ದೇನೆಂದು ತಿಳಿದಿರುವುದಿಲ್ಲ. ಮಾರುವವನೇ ಸಲಹೆಗಾರನೂ ಆಗಿರುತ್ತಾನೆ. ಎಷ್ಟೋ ಚಿಕಿತ್ಸೆಗಳಲ್ಲಿ ತುರ್ತಿನ ಕಾರಣ ಈ ಅಸಮತೆಯನ್ನು ಸಹಿಸಿಕೊಳ್ಳುತ್ತೇವೆ. ಚಾಳೀಸಿಗೆ ತುರ್ತೇ ಇಲ್ಲ. ಹಾಗಾಗಿ ಇಲ್ಲಿ ಮಾಹಿತಿ ಕೊಡದಿರುವುದಕ್ಕೆ ಯಾವ ನೆಪವೂ ಇಲ್ಲ.

ಇದಕ್ಕೆ ವಿಮೆಯ ನಿಯಮವೂ ಒಂದು ವಕ್ರತೆಯನ್ನು ಸೇರಿಸಿದೆ. ವಿಮಾ ನಿಯಂತ್ರಣ ಪ್ರಾಧಿಕಾರದ ಪ್ರಮಾಣಿತ ಹೊರಗಿಡುವಿಕೆಗಳ ಪ್ರಕಾರ 7.5 ಡಯಾಪ್ಟರ್‌ಗಿಂತ ಕಡಿಮೆಯ ದೃಷ್ಟಿದೋಷ ಸರಿಪಡಿಸುವ ಚಿಕಿತ್ಸೆಗೆ ಆರೋಗ್ಯ ವಿಮೆ ಹಣ ಕೊಡಬೇಕಿಲ್ಲ. ಪ್ಲಸ್ ನಂಬರ್ ಅಷ್ಟು ಮೇಲೇರುವುದು ವಿರಳ. ಪೊರೆಯ ಚಿಕಿತ್ಸೆಗಾದರೆ ಕಾಯುವ ಅವಧಿ ಕಳೆದ ಮೇಲೆ ಹಣ ಸಿಗುತ್ತದೆ. ಎರಡೂ ಚಿಕಿತ್ಸೆಗಳು ಕತ್ತರಿ ಹಿಡಿಯುವವರ ಮಟ್ಟಿಗೆ ಒಂದೇ. ವ್ಯತ್ಯಾಸ ಇರುವುದು ಕಡತದಲ್ಲಿ ಬರೆಯುವ ಒಂದು ಪದದಲ್ಲಿ. ತಿಳಿಯಾದ ಮಸೂರ ‘ಆರಂಭಿಕ ಪೊರೆ’ಯಾಗಿ ಬದಲಾಗಲು ಆಸ್ಪತ್ರೆಗೂ ರೋಗಿಗೂ ಒಟ್ಟಿಗೇ ಆಮಿಷವಿದೆ, ಹೊರೆ ಬೀಳುವುದು ಮುಂದಿನ ವರ್ಷ ಕಂತು ಕಟ್ಟುವ ಎಲ್ಲರ ಮೇಲೆ. ನಿಜವಾಗಿ ಕೋನ ಮುಚ್ಚಿ ಮಸೂರ ತೆಗೆಸಬೇಕಾದವನು ಮಾತ್ರ ತಾನು ಶೋಕಿಗಾಗಿ ಮಾಡಿಸಿಕೊಂಡದ್ದಲ್ಲವೆಂದು ವಿಮಾ ಕಂಪನಿಗೆ ಸಾಬೀತುಪಡಿಸುತ್ತ ಪತ್ರ ಬರೆಯಬೇಕು. ನಾನು ನಾಲ್ಕು ಪತ್ರ ಬರೆದೆ. ಪತ್ರ ವ್ಯವಹಾರದಲ್ಲಿ ಮೂವತ್ತು ವರ್ಷದ ಅನುಭವ ಇಲ್ಲದವರು ಏನು ಮಾಡುತ್ತಾರೋ ತಿಳಿಯದು.

ಬೆಲೆಯ ವಿಷಯದಲ್ಲಿ ಸರ್ಕಾರಕ್ಕೆ ದಾರಿ ಗೊತ್ತಿದೆ. ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ 2017ರ ಫೆಬ್ರವರಿಯಲ್ಲಿ ಹೃದಯದ ಸ್ಟೆಂಟ್‌ಗೆ, ಆಗಸ್ಟ್‌ನಲ್ಲಿ ಕೃತಕ ಮೊಣಕಾಲಿಗೆ ಗರಿಷ್ಠ ಬೆಲೆ ಗೊತ್ತುಪಡಿಸಿತು. ಕಣ್ಣಿನ ಪ್ರೀಮಿಯಂ ಮಸೂರಕ್ಕೂ ಹಾಗೆ ಮಿತಿ ಹಾಕಿ ಎಂದು ನಾನು ಒತ್ತಾಯಿಸುವುದಿಲ್ಲ; ಆಯ್ಕೆಯ ವಸ್ತುವಿಗೆ ಬೆಲೆಮಿತಿ ಹಾಕಿದರೆ ಹೊಸದು ಇಲ್ಲಿಗೆ ಬರುವುದೇ ತಡವಾಗಬಹುದು. ಆದರೆ ಮಸೂರದ ಬೆಲೆ ಎಷ್ಟು, ಶಸ್ತ್ರಚಿಕಿತ್ಸೆಯ ಶುಲ್ಕ ಎಷ್ಟು ಎಂದು ಬೇರೆ ಬೇರೆಯಾಗಿ ಬರೆದುಕೊಡುವುದಕ್ಕೆ ಏನಡ್ಡಿ? 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಲ್ಲೇ ದರಗಳನ್ನು ತಿಳಿಸಬೇಕೆಂಬ ತತ್ವವಿದೆ. 2017ರ ನವೆಂಬರ್‌ನಲ್ಲಿ ಆ ಕಾಯ್ದೆಯ ತಿದ್ದುಪಡಿಯನ್ನು ವಿರೋಧಿಸಿ ಖಾಸಗಿ ವೈದ್ಯರು ಮುಷ್ಕರ ಹೂಡಿದಾಗ ಎರಡೂ ಕಡೆ ಬಹಳ ಮಾತು ಹರಿದಾಡಿತು. ಒಟ್ಟು ಮೊತ್ತದ ‘ಪ್ಯಾಕೇಜ್’ ಎಂಬ ಪರದೆ ಮಾತ್ರ ಸರಿಯಲೇ ಇಲ್ಲ.

ಕತ್ತರಿಯಿಲ್ಲದ ದಾರಿಯೆಂದು ಕಣ್ಣಿಗೆ ಹಾಕುವ ಹನಿಗಳ ಮಾತೂ ಕೇಳಿಬರುತ್ತಿದೆ. ಪೈಲೊಕಾರ್ಪಿನ್ ಹನಿಗೆ ಅಮೆರಿಕ 2021ರಲ್ಲಿ ಒಪ್ಪಿಗೆ ನೀಡಿತು. ಭಾರತದಲ್ಲಿ ಅಂಥದೇ ಒಂದು ಹನಿಗೆ 2024ರ ಆಗಸ್ಟ್‌ನಲ್ಲಿ ಅನುಮತಿ ಸಿಕ್ಕಿ, ಅನುಮತಿಸದ ಗುಣಗಳನ್ನು ಪ್ರಚಾರ ಮಾಡಿತೆಂಬ ಕಾರಣಕ್ಕೆ ಮರುತಿಂಗಳೇ ಅದನ್ನು ಅಮಾನತಿನಲ್ಲಿಡಲಾಯಿತು. ಇವು ಪಾಪೆಯನ್ನು ಕೆಲವು ಗಂಟೆ ಕಿರಿದುಗೊಳಿಸುವ ಔಷಧಗಳೇ ಹೊರತು ಚಾಳೀಸನ್ನು ವಾಸಿ ಮಾಡುವುದಿಲ್ಲ. ಕೋನ ಇಕ್ಕಟ್ಟಾದ ಪ್ಲಸ್ ಕಣ್ಣಿನವರು ವೈದ್ಯರನ್ನು ಕೇಳದೆ ಇವುಗಳ ತಂಟೆಗೆ ಹೋಗಬಾರದು.

ಚಾಳೀಸಿನ ಚರ್ಚೆ ಲಕ್ಷ ರೂಪಾಯಿಯ ಮಸೂರಗಳಲ್ಲೇ ಮುಗಿದರೆ ಅದು ಅರ್ಧ ಚರ್ಚೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ವರದಿಯ ಪ್ರಕಾರ ಜಗತ್ತಿನಲ್ಲಿ 82.6 ಕೋಟಿ ಜನ ಚಾಳೀಸಿಗೆ ಸರಿಯಾದ ಕನ್ನಡಕವೇ ಇಲ್ಲದೆ ಬದುಕುತ್ತಿದ್ದಾರೆ. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ 751 ಕಾರ್ಮಿಕರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅಗ್ಗದ ಓದುಗನ್ನಡಕ ಪಡೆದವರು ಪಡೆಯದವರಿಗಿಂತ ಶೇ 21.7ರಷ್ಟು ಹೆಚ್ಚು ಎಲೆ ಕಿತ್ತರೆಂದು ತೋರಿಸಿತು. ಬಾಂಗ್ಲಾದೇಶದಲ್ಲಿ 2024ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಆದಾಯವೇ ಶೇ 33ರಷ್ಟು ಏರಿತು. ಕೆಲವೇ ನೂರು ರೂಪಾಯಿಗಳ ಹೂಡಿಕೆಗೆ ಇಷ್ಟು ಪ್ರತಿಫಲ ಕೊಡುವ ಬೇರೆ ಸರ್ಕಾರಿ ಯೋಜನೆಯನ್ನು ನನ್ನ ಸೇವಾವಧಿಯಲ್ಲಿ ನಾನು ಕಂಡಿಲ್ಲ. ಇಳಕಲ್ಲಿನ ಮಗ್ಗದ ಮುಂದೆ, ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆಯ ಮನೆಗಳಲ್ಲಿ, ಧಾರವಾಡದ ಕಸೂತಿಯ ಸೂಜಿಯ ಹಿಂದೆ ಇರುವ ನಲವತ್ತು ದಾಟಿದ ಕಣ್ಣುಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಮನೆಮನೆ ತಪಾಸಣೆ ನಡೆಸಿ ಉಚಿತ ಕನ್ನಡಕ ಕೊಡಲು ರಾಜ್ಯ ಸರ್ಕಾರ ಆರಂಭಿಸಿದ ‘ಆಶಾಕಿರಣ’ ಯೋಜನೆ ಸರಿಯಾದ ದಿಕ್ಕಿನದು. 2025ರ ಸೆಪ್ಟೆಂಬರ್‌ನಲ್ಲಿ ದೃಷ್ಟಿ ಸರಿಪಡಿಸುವ ಕನ್ನಡಕಗಳ ಮೇಲಿನ ಜಿಎಸ್‌ಟಿಯನ್ನು ಶೇ 5ಕ್ಕೆ ಇಳಿಸಿದ್ದೂ ಸ್ವಾಗತಾರ್ಹ. ಇಂಥ ತಪಾಸಣೆಯಲ್ಲಿ ಪ್ಲಸ್ ನಂಬರ್ ಹೆಚ್ಚಿರುವವರನ್ನು ಗುರುತಿಸಿ ಕೋನ ಪರೀಕ್ಷೆಗೆ ಜಿಲ್ಲಾ ಆಸ್ಪತ್ರೆಗೆ ಕಳುಹಿಸುವ ಒಂದು ಕಾಲಂ ಸೇರಿಸಿದರೆ ಹೆಚ್ಚುವರಿ ಖರ್ಚೂ ಅಷ್ಟಿಲ್ಲ.

ಕೊನೆಯದಾಗಿ, ಯಾರ ಗಮನಕ್ಕೂ ಬಾರದ ಒಂದು ಸಂಗತಿ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗ ಉಕ್ಕಿದ 2000ದ ದಶಕದಲ್ಲಿ ಲ್ಯಾಸಿಕ್ ಮಾಡಿಸಿಕೊಂಡ ಯುವಕ ಯುವತಿಯರು ಈಗ ಐವತ್ತರ ಹೊಸ್ತಿಲಲ್ಲಿದ್ದಾರೆ. ಇನ್ನು ಹತ್ತು ಹದಿನೈದು ವರ್ಷಗಳಲ್ಲಿ ಅವರ ಕಣ್ಣಿಗೂ ಪೊರೆ ಬರುತ್ತದೆ. ಲೇಸರ್ ಕೆತ್ತಿದ ಕಾರ್ನಿಯಾದಲ್ಲಿ ಕೃತಕ ಮಸೂರದ ಶಕ್ತಿಯ ಲೆಕ್ಕ ಸುಲಭವಾಗಿ ತಪ್ಪುತ್ತದೆ. ಕೆತ್ತುವ ಮೊದಲಿನ ಅಳತೆಗಳು ಕೈಯಲ್ಲಿದ್ದರೆ ವೈದ್ಯರಿಗೆ ದೊಡ್ಡ ಸಹಾಯ. ಆದರೆ 2002ರ ವೈದ್ಯಕೀಯ ಮಂಡಳಿಯ ನಿಯಮಗಳ ಪ್ರಕಾರ ಒಳರೋಗಿಗಳ ದಾಖಲೆಯನ್ನು ಇಟ್ಟುಕೊಳ್ಳಬೇಕಾದದ್ದು 3 ವರ್ಷ ಮಾತ್ರ. ಆಗಿನ ಎಷ್ಟೋ ಕೇಂದ್ರಗಳು ಹೆಸರು ಬದಲಿಸಿವೆ, ಮಾಲೀಕರು ಬದಲಾಗಿದ್ದಾರೆ, ಕೆಲವು ಮುಚ್ಚಿಯೇ ಹೋಗಿವೆ. ಕಣ್ಣಿನ ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದ ಅಳತೆಗಳನ್ನು ಕನಿಷ್ಠ 30 ವರ್ಷ ಕಾಪಾಡಬೇಕೆಂದೂ, ಅದರ ಪ್ರತಿಯನ್ನು ಚಿಕಿತ್ಸೆಯ ದಿನವೇ ರೋಗಿಯ ಕೈಗೆ ಕೊಡಬೇಕೆಂದೂ ಆರೋಗ್ಯ ಇಲಾಖೆ ಒಂದು ಸುತ್ತೋಲೆ ಹೊರಡಿಸಬಹುದು. ಅದಕ್ಕೆ ಶಾಸನಸಭೆಯ ಅಧಿವೇಶನ ಕಾಯಬೇಕಿಲ್ಲ. ಸುತ್ತೋಲೆ ಬರುವವರೆಗೆ, ಲ್ಯಾಸಿಕ್ ಮಾಡಿಸಿಕೊಂಡವರು ತಮ್ಮ ಹಳೆಯ ಕೇಂದ್ರಕ್ಕೆ ಒಮ್ಮೆ ಹೋಗಿ, ಆ ಕಾಗದಗಳು ಇನ್ನೂ ಉಳಿದಿದ್ದರೆ ಕೇಳಿ ತಂದಿಟ್ಟುಕೊಳ್ಳಲಿ.